ಸೋಂಪಿನ ಡಬ್ಬಿಯ ಅಕ್ಕ

ಕೆಲಸ ಬಿಟ್ಟು ಮನೆಗೆ ಹೋಗುವವರಿಗೆ ಗೋಡೆ ಗಡಿಯಾರ ಯಾಕೆ ಕೊಡುತ್ತಾರೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊತ್ತಿಗೆ ಸರಿಯಾಗಿ ಓಡುವ ಕಾಲವೆಲ್ಲ ಮುಗಿದ ಮೇಲೆ, ತಗೋ, ಇನ್ನು ಕೂತು ಇದನ್ನ ನೋಡು ಅಂದಹಾಗೆ. ಹೋದ ತಿಂಗಳು ಚನ್ನಗಿರಿಯ ನಮ್ಮ ದೊಡ್ಡ ಅಂಗಡಿಯಲ್ಲಿ ಅಕ್ಕನ ಬೀಳ್ಕೊಡುಗೆ ಆಯಿತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಆಮೇಲೆ ಬಣ್ಣದ ಕಾಗದ ಸುತ್ತಿದ ಗಡಿಯಾರ. ಅಕ್ಕ ಕಾಗದ ಬಿಚ್ಚಿ, ಹಣೆ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ನೋಡಿ, "ಚೆನ್ನಾಗೈತೆ. ಇದನ್ನ ತರೋಕೆ ಮುಂಚೆ ನಮ್ಮನೆ ಗೋಡೆ ಯಾರಾದ್ರೂ ನೋಡಿದ್ರಾ?" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಗಡಿಯಾರ ಆರಿಸಿ ತಂದವಳು ನಾನೇ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, ಇದನ್ನ ಯಾರಿಗೋಸ್ಕರ ಬರೆದೆ, ಅವರು ಕೇಳಿದ್ರಾ, ಓದಿದ ಮೇಲೆ ಏನು ಮಾಡಿದ್ರು ಅಂತ ಜೀವ ತಿನ್ನುತ್ತಾರೆ. ನಾನು ಅಕ್ಕ ಅಂತಿದ್ದೆ. ಮೆಕ್ಯಾನಿಕ್‌ಗಳು ಮೇಡಂ ಅಂತಿದ್ದರು. ನಮ್ಮ ಮಾಲೀಕರು, ಅವರನ್ನು ಎಲ್ಲರೂ ಸಾವುಕಾರ್ರು ಅನ್ನುವುದು, ಎದುರಿಗೆ ಮೇಡಂ ಅಂತಲೂ ಹಿಂದಿನಿಂದ ಸಿಐಡಿ ಅಂತಲೂ ಕರೆಯುತ್ತಿದ್ದರು. ಅಡಿಕೆ ಸುಲಿಯುವ ಮಷೀನು, ಔಷಧಿ ಹೊಡೆಯುವ ಪಂಪು, ಮೆಕ್ಕೆಜೋಳ ಬಿಡಿಸುವ ಮಷೀನು ಮಾರುವುದು ನಮ್ಮ ಕಸುಬು. ಚನ್ನಗಿರಿಯಲ್ಲಿ ದೊಡ್ಡ ಅಂಗಡಿ, ಹೊನ್ನಾಳಿಯಲ್ಲಿ ಒಂದು, ಜಗಳೂರಿನಲ್ಲಿ ಒಂದು. ಅಕ್ಕ ಚನ್ನಗಿರಿಯಲ್ಲಿ ಆಫೀಸು ನೋಡಿಕೊಳ್ಳುತ್ತಿದ್ದರು, ನಾನು ಅದೇ ಅಂಗಡಿಯಲ್ಲಿ ಗಿರಾಕಿಗಳಿಗೆ ಮಷೀನು ಓಡಿಸಿ ತೋರಿಸುತ್ತಿದ್ದೆ.

ಮಷೀನಿನ ಅಂಗಡಿಗೆ ಬರುವ ಮುಂಚೆ ಅಕ್ಕ ಸಾಬೂನು, ಟೀಪುಡಿ ಕಂಪನಿಗಳಿಗೆ ಮನೆಮನೆ ಸರ್ವೆ ಮಾಡುತ್ತಿದ್ದವರು. ಊರೂರು ಸುತ್ತಿ, ನೀವು ಯಾವ ಸೋಪು ಬಳಸ್ತೀರಿ, ಯಾಕೆ ಬಳಸ್ತೀರಿ ಅಂತ ಕೇಳುವ ಕೆಲಸ. ಒಮ್ಮೆ ನಲ್ಲೂರಿನಲ್ಲಿ ಒಬ್ಬ ಯಜಮಾನಿತಿ ಇವರನ್ನು ಪಡಸಾಲೆಯಲ್ಲಿ ಕೂರಿಸಿ, ಟಿವಿಯಲ್ಲಿ ಬರುವ ದುಬಾರಿ ಸೋಪೊಂದರ ಹೆಸರು ಹೇಳಿ, ಅದು ಬಿಟ್ಟರೆ ನಮ್ಮ ಮೈಗೆ ಬೇರೆ ಹಿಡಿಸುವುದೇ ಇಲ್ಲ ಅಂದರಂತೆ. ಅಕ್ಕ ಬರೆದುಕೊಂಡು, ಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋದರೆ ಅಲ್ಲಿ ಬಟ್ಟೆ ಸೋಪಿನ ತುಂಡೊಂದು ಬಿಟ್ಟರೆ ಏನೂ ಇಲ್ಲ. ದುಬಾರಿ ಸೋಪು ಮನೆಯಲ್ಲಿ ಇರಲಿಲ್ಲ ಅಂತಲ್ಲ. ಪಡಸಾಲೆಯ ಶೋಕೇಸಿನಲ್ಲಿ, ಹೊದಿಕೆ ಬಿಚ್ಚದೆ, ಗಾಜಿನ ಗಿಳಿಗಳ ಪಕ್ಕದಲ್ಲಿತ್ತು.

"ಆಯಮ್ಮ ಸುಳ್ಳು ಹೇಳ್ಲಿಲ್ಲ ಕಣವ್ವ," ಅನ್ನುತ್ತಿದ್ದರು ಅಕ್ಕ. "ತಾನು ಹೆಂಗಿರಬೇಕು ಅಂತ ಆಸೆನೋ ಅದನ್ನ ಹೇಳಿದ್ಲು. ಕೇಳಿದ ನಂದೇ ತಪ್ಪು. ಯಾವ ಸೋಪು ಬಳಸ್ತೀರಿ ಅಂತ ಕೇಳಬಾರ್ದು. ಇವತ್ತು ಬೆಳಿಗ್ಗೆ ಯಾವುದ್ರಲ್ಲಿ ತೊಳ್ಕಂಡ್ರಿ ಅಂತ ಕೇಳ್ಬೇಕು." ಅಲ್ಲಿಂದಾಚೆಗೆ ಅವರ ಬದುಕಿನ ವೇದಾಂತವೆಲ್ಲ ಒಂದೇ ಮಾತಿನಲ್ಲಿತ್ತು: ಪಡಸಾಲೆಯಲ್ಲಿ ಕೇಳು, ಬಚ್ಚಲಲ್ಲಿ ನೋಡು. ಗಿರಾಕಿಯಿಂದ ಹಿಡಿದು ಹೊಸ ಟೈಪಿಸ್ಟ್ ತನಕ ಯಾರನ್ನೇ ಆಗಲಿ ಇದೇ ಅಳತೆಯಲ್ಲಿ ಅಳೆಯುತ್ತಿದ್ದರು.

ಇನ್ನೊಂದು ಸೋಂಪು. ಚೀಲದಲ್ಲಿ ಸದಾ ಒಂದು ಸಣ್ಣ ಸ್ಟೀಲ್ ಡಬ್ಬಿ. ಯಾರಾದರೂ ಮಾತಾಡಲು ಎದುರಿಗೆ ಕೂತರೆ ಡಬ್ಬಿ ತೆಗೆದು ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿಯುತ್ತಿದ್ದರು. ನಡುನಡುವೆ ಎರಡೇ ಮಾತು, "ಹೂಂ, ಆಮೇಲೆ?" ಬಾಯಲ್ಲಿ ಸೋಂಪಿದ್ದರೆ ಕಿವಿ ಕೆಲಸ ಮಾಡುತ್ತದೆ ಅನ್ನುವುದು ಅವರ ನಂಬಿಕೆ. ಎದುರಿನವರಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಬೆಲ್ಟಿನ ರೇಟು ಕೇಳಲು ಬಂದ ಗಿರಾಕಿಗಳು ಆ ಕುರ್ಚಿಯಲ್ಲಿ ಕೂತು, ಅಳಿಯನ ಮೇಲಿನ ಸಿಟ್ಟೆಲ್ಲ ಹೇಳಿ ಎದ್ದು ಹೋಗಿದ್ದಾರೆ. ಬೆಲ್ಟು ತಗೊಳ್ಳಲು ಮರುದಿನ ಮತ್ತೆ ಬರುತ್ತಿದ್ದರು.

ಹಾಗಂತ ಅವರು ಕಂಡದ್ದೆಲ್ಲ ನಿಜವಾಗುತ್ತಿತ್ತು ಅಂತ ಯಾರೂ ತಿಳಿಯಬೇಡಿ. ನಮ್ಮ ಮೆಕ್ಯಾನಿಕ್ ಒಬ್ಬ, ಟೈಪಿಸ್ಟ್ ಹುಡುಗಿ ಕೂರುವ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ, ಅವಳು ಈ ಕಡೆ ಬಂದರೆ ಇವನು ಆ ಕಡೆ ಹೋಗುತ್ತಿದ್ದ. ಅಕ್ಕ ಒಂದು ವಾರ ನೋಡಿ, ಇಬ್ಬರಿಗೂ ಆಗಿಬರಲ್ಲ, ಯಾವತ್ತೋ ಜಗಳ ಆಗೈತೆ, ಕರೆದು ರಾಜಿ ಮಾಡಿಸಬೇಕು ಅಂತ ತೀರ್ಮಾನಿಸಿದರು. ರಾಜಿ ಮಾಡಿಸಲು ದಿನ ಗೊತ್ತು ಮಾಡುವಷ್ಟರಲ್ಲಿ ಅವರಿಬ್ಬರೂ ತಮ್ಮದೇ ಮದುವೆಯ ಲಗ್ನಪತ್ರಿಕೆ ತಂದು ಮೇಜಿನ ಮೇಲಿಟ್ಟರು. ಅಕ್ಕ ಅರ್ಧ ಗಂಟೆ ನಕ್ಕರು. "ನೋಡಿದ್ದು ಸರಿಯಾಗೇ ನೋಡಿದ್ದೆ. ಅರ್ಥ ಮಾಡ್ಕಂಡಿದ್ದು ತಪ್ಪು. ಒಂದು ಮಾತು ಕೇಳ್ಬೇಕಿತ್ತು" ಅಂತ ಹೇಳಿ, ಮದುವೆಗೆ ಹೋಗಿ ಎರಡು ಸಲ ಪಾಯಸ ಹಾಕಿಸಿಕೊಂಡು ಬಂದರು.

ಜಗಳೂರಿನ ಕಥೆ ಹೇಳಲೇಬೇಕು. ಅಲ್ಲಿಯ ಅಂಗಡಿಗೆ ಸಾವುಕಾರ್ರು ಹೊಸದಾಗಿ ಗಾಜಿನ ಬಾಗಿಲು, ಮುಖ ಕಾಣುವಂಥ ಬಿಳಿ ಟೈಲ್ಸು, ಬಾಗಿಲಲ್ಲಿ ಸುಸ್ವಾಗತ ಅಂತ ಬರೆದ ಮ್ಯಾಟು ಹಾಕಿಸಿದ್ದರು. ಹಾಕಿಸಿದ ಮೇಲೆ ವ್ಯಾಪಾರ ಕುಸಿಯಿತು. ಅಲ್ಲಿಯ ಮ್ಯಾನೇಜರ್ ಬಂದು ಹೋದವರನ್ನೆಲ್ಲ ಕೇಳಿದರೆ, ಅಂಗಡಿ ಭಾಳ ಚೆನ್ನಾಗಾಗೈತ್ರಿ, ಅರಮನೆ ಇದ್ದಂಗೈತೆ ಅಂದರಂತೆ. ಅಕ್ಕ ನನ್ನನ್ನು ಕರೆದುಕೊಂಡು ಜಗಳೂರಿಗೆ ಹೋದರು. ಅಂಗಡಿಯೊಳಗೆ ಕಾಲಿಡಲೇ ಇಲ್ಲ. ಎದುರಿನ ಟೀ ಅಂಗಡಿಯಲ್ಲಿ ಕೂತು ಟೀ ಮೇಲೆ ಟೀ ಕುಡಿಯುತ್ತ ಬಾಗಿಲನ್ನೇ ನೋಡಿದರು. ಬಂದವರೆಲ್ಲ ಆ ಹೊಳೆಯುವ ನೆಲ ಕಂಡು ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಹೋಗಿ, ನಿಮಿಷಕ್ಕೊಮ್ಮೆ ತಿರುಗಿ ನೋಡಿ, ಬೇಗ ಹೊರಗೆ ಬರುತ್ತಿದ್ದರು. ಸೊಕ್ಕೆ ಊರಿನಿಂದ ಬಂದ ರೈತರೊಬ್ಬರನ್ನು ಅಕ್ಕ ಟೀಗೆ ಕರೆದರು.

"ಈಗ ಒಳಗೆ ಹೋಗಿದ್ರಲ್ಲ ಯಜಮಾನ್ರೆ, ಏನೇನು ನೋಡಿದ್ರಿ?"

"ಚಪ್ಪಲಿ ನೋಡಿದೆ ಕಣ್ರಿ," ಅಂದರು ಅವರು. "ಹೋದ ವಾರ ತಗಂಡಿದ್ದು. ಬಸ್‌ಸ್ಟ್ಯಾಂಡ್ ಪಕ್ಕ ಬೇರೆ. ಚಪ್ಪಲಿ ಮ್ಯಾಲೆ ಕಣ್ಣಿದ್ರೆ ಮಷೀನು ಹೆಂಗೆ ಕಾಣ್ತೈತೆ?"

ಮರುದಿನ ಎರಡು ಮಷೀನು ಹೊರಗೆ ಬಂದವು, ಪಕ್ಕದಲ್ಲಿ ಒಂದು ಬೆಂಚು ಬಿತ್ತು. ಚಪ್ಪಲಿ ಕಾಲಲ್ಲಿ ಇಟ್ಟುಕೊಂಡೇ ಜನ ಮುಟ್ಟಿ ನೋಡಿದರು, ತಿರುಗಿಸಿ ನೋಡಿದರು, ಕೊಂಡರು. ಸುಸ್ವಾಗತದ ಮ್ಯಾಟನ್ನು ಅಕ್ಕ ಚನ್ನಗಿರಿಗೆ ತಂದು ಸಾವುಕಾರ್ರ ಮೇಜಿನ ಕೆಳಗೆ ಹಾಸಿದರು.

ನನ್ನ ಮದುವೆಗೂ ಈ ವಿದ್ಯೆ ಉಪಯೋಗಕ್ಕೆ ಬಂತು. ಗಂಡು ನೋಡಲು ಬಂದಾಗ, ನಿಮಗೆ ಹೆಂಡತಿ ಕೆಲಸಕ್ಕೆ ಹೋದರೆ ಪರವಾಗಿಲ್ಲವಾ ಅಂತ ಕೇಳಬೇಡ, ಎಲ್ಲರೂ ಪರವಾಗಿಲ್ಲ ಅಂತಲೇ ಅನ್ನುತ್ತಾರೆ, ನಿನ್ನೆ ಊಟ ಮಾಡಿದ ತಟ್ಟೆ ಯಾರು ತೊಳೆದರು ಅಂತ ಕೇಳು ಅಂದಿದ್ದರು ಅಕ್ಕ. ಕೇಳಿದೆ. ಮೊದಲನೆಯವನು "ನಮ್ಮವ್ವ" ಅಂದ. ಎರಡನೆಯವನು "ಯಾಕೆ ಕೇಳ್ತೀರಿ?" ಅಂತ ಮುಖ ಊದಿಸಿದ. ಮೂರನೆಯವರು ತಲೆ ಕೆರೆದುಕೊಂಡು, "ನಾನೇ ತೊಳೆದೆ, ಕೈಜಾರಿ ಲೋಟ ಸೊಟ್ಟಗಾಯ್ತು" ಅಂದರು. ಆ ಸೊಟ್ಟ ಲೋಟ ಈಗ ನಮ್ಮ ಮನೆಯಲ್ಲೇ ಇದೆ.

ಇಷ್ಟೆಲ್ಲ ಆದರೂ, ಅಕ್ಕ ನನಗೆ ನಿಜವಾಗಿ ಯಾರು ಅಂತ ಗೊತ್ತಾಗಿದ್ದು ನ್ಯಾಮತಿ ಅಂಗಡಿಯ ವಿಷಯದಲ್ಲಿ.

ನ್ಯಾಮತಿ ತಾಲ್ಲೂಕಾದ ಮೇಲೆ ಸಾವುಕಾರ್ರಿಗೆ ಅಲ್ಲೊಂದು ಅಂಗಡಿ ತೆಗೆಯುವ ಮನಸ್ಸಾಯಿತು. ಅದನ್ನು ನಡೆಸಲು ಒಬ್ಬರು ಬೇಕಿತ್ತು. ಆ ಒಬ್ಬರು ನಾನಾಗಬೇಕು ಅಂತ ನನಗೆ ಎಷ್ಟು ಆಸೆ ಇತ್ತು ಅಂದರೆ, ಕನಸಿನಲ್ಲೂ ಬೋರ್ಡಿಗೆ ಯಾವ ಬಣ್ಣ ಅಂತ ಪೇಂಟರ್ ಜೊತೆ ಜಗಳ ಆಡುತ್ತಿದ್ದೆ. ಮಷೀನು ಓಡಿಸುವುದನ್ನು ನನ್ನಿಂದಲೇ ಕಲಿತ ಹುಡುಗ ಹೊನ್ನಾಳಿ ಅಂಗಡಿಗೆ ಮ್ಯಾನೇಜರ್ ಆಗಿ ಹೋಗಿದ್ದ. ಅವನಿಗೆ ಟೀ ತರಿಸಿ ಶುಭವಾಗಲಿ ಅಂದಿದ್ದೆ, ಹೊಟ್ಟೆ ಮಾತ್ರ ಉರಿದು ಬೂದಿಯಾಗಿತ್ತು. ಇದೂ ಕೈತಪ್ಪಿದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರುವುದೇ ಸರಿ ಅಂತ ಗಂಡನಿಗೂ ಹೇಳಿಬಿಟ್ಟಿದ್ದೆ. ಧೈರ್ಯ ಮಾಡಿ ಸಾವುಕಾರ್ರ ಮುಂದೆ ನಿಂತು ನಾನು ಮಾಡಿದ ಕೆಲಸವನ್ನೆಲ್ಲ ಹಾಡಿದೆ. ಅವರು ಪೂರ್ತಿ ಕೇಳಿ, "ಕೆಲಸದಲ್ಲಿ ಗಟ್ಟಿ ಇದೀಯ ತಾಯಿ. ಬಾಯಿ ಅದಕ್ಕಿಂತ ಗಟ್ಟಿ. ನಿನ್ನ ಅಲ್ಲಿ ಕೂರಿಸಿದ್ರೆ ಗಿರಾಕಿ ಉಳೀತಾರಾ?" ಅಂದರು.

ಮಾತು ಸುಳ್ಳಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಮಷೀನಿಗೆ ಗ್ರೀಸು ಕಾಣಿಸದೆ ಓಡಿಸಿ, ಕೆಟ್ಟ ಮೇಲೆ ಬಂದು ಮೇಜು ಕುಟ್ಟುವವರಿಗೆ ನಾನು ಆರತಿ ಎತ್ತುವವಳಲ್ಲ. ನಾಲ್ಕು ಬೈದೇ ಕಳಿಸುತ್ತೇನೆ. ಆವತ್ತು ಕಣ್ಣಲ್ಲಿ ನೀರು ತುಂಬಿಕೊಂಡು ಅಕ್ಕನ ಮೇಜಿಗೆ ಬಂದು ಕೂತೆ.

"ಏನಂದೆ ಅವರಿಗೆ?"

"ನಾನು ಎಷ್ಟು ದುಡಿದಿದೀನಿ, ಏನೇನು ಬರುತ್ತೆ ಅಂತ ಎಲ್ಲ ಹೇಳಿದೆ ಅಕ್ಕ."

"ಅಂದ್ರೆ ಮಷೀನೇ ಎದ್ದು ನಿಂತು, ನನ್ನ ಮೋಟಾರು ಹಿಂಗೈತೆ, ನನ್ನ ಬೆಲ್ಟು ಹಂಗೈತೆ ಅಂದಂಗಾತು. ಗಿರಾಕಿಗೆ ಎಲ್ಲಿ ನೋವೈತೆ ಅಂತ ನೋಡಿದ್ಯಾ?"

"ಯಾವ ಗಿರಾಕಿ ಅಕ್ಕ?"

"ಸಾವುಕಾರ್ರು. ನಿನ್ನನ್ನ ಕೊಳ್ಳಬೇಕಾದ ಗಿರಾಕಿ ಅವರೇ ತಾನೆ? ಅವರ ಬಚ್ಚಲು ನೋಡು ಮೊದ್ಲು."

"ಅವರ ಮನೆಗೆ ಹೋಗಿ ಬಚ್ಚಲು ನೋಡಾಕಾಗುತ್ತೇನ್ರಿ?"

ಅಕ್ಕ ದೇವರೇ ಕಾಪಾಡಬೇಕು ಅನ್ನುವಂತೆ ಸೋಂಪಿನ ಡಬ್ಬಿ ತೆಗೆದರು.

ಆಗ ಅಡಿಕೆ ಕೊಯ್ಲು ಶುರುವಾಗಿತ್ತು. ಕೊಯ್ದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸದಿದ್ದರೆ ಮಾಲು ಕೆಡುತ್ತದೆ. ಅಂಥಾ ಹೊತ್ತಿನಲ್ಲಿ ಮಷೀನು ನಿಂತರೆ ರೈತರು ಬೈಕ್ ಹತ್ತಿ ನೇರ ಅಂಗಡಿಗೆ ಬರುತ್ತಾರೆ, ಬಾಯಿಗೆ ಬಂದದ್ದು ಅನ್ನುತ್ತಾರೆ. ನಾನು ಅಕ್ಕನ ಮಾತಿಗೆ ಕಟ್ಟುಬಿದ್ದು ಸಾವುಕಾರ್ರನ್ನೇ ನೋಡುತ್ತ ಹೋದೆ. ಮೀಟಿಂಗಿನಲ್ಲಿ ಅವರ ಬಾಯಲ್ಲಿ ವ್ಯಾಪಾರ ಬಿಟ್ಟರೆ ಬೇರೆ ಮಾತಿಲ್ಲ. ಆದರೆ ಬಾಗಿಲಲ್ಲಿ ಬೈಕೊಂದು ಗಕ್ಕನೆ ನಿಂತಿತು ಅಂದರೆ ಎದ್ದು ಒಳಕೋಣೆಗೆ ಹೋಗಿ ದೇವರ ಫೋಟೋಗೆ ಊದಿನಕಡ್ಡಿ ಹಚ್ಚುತ್ತಿದ್ದರು. ಬೈಗುಳ ಮುಗಿದು ಬೈಕ್ ಹೋದ ಮೇಲೆಯೇ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬರುತ್ತಿದ್ದರು. ಇಷ್ಟು ವರ್ಷ ನಾನು, ಕೊಯ್ಲಿನ ಕಾಲದಲ್ಲಿ ಇವರಿಗೆ ಭಕ್ತಿ ಹೆಚ್ಚಾಗುತ್ತದೆ ಅಂತಲೇ ತಿಳಿದಿದ್ದೆ.

"ಸಿಕ್ತಾ ಬಚ್ಚಲು?" ಅಂದರು ಅಕ್ಕ. "ಇನ್ನೊಂದು ಕೇಳು. ನಿನ್ನ ಕೈಲಿ ಬೈಸ್ಕಂಡು ಹೋದೋರನ್ನ ನಾನು ಬಸ್ಸಲ್ಲಿ ಮಾತಾಡಿಸಿದೀನಿ. ಮುಂದಿನ ಸಲ ಮಷೀನು ನಿಂತಾಗ ಏನು ಮಾಡಿದ್ರಿ ಅಂತ ಕೇಳಿದೆ. ಆ ಬೈಯೋ ಯಮ್ಮನ್ನೇ ಹುಡುಕ್ಕಂಡು ಬಂದ್ವಿ ಅಂದ್ರು. ಕೈ ಮುಗಿದು, ಆಯ್ತು ಸಾರ್ ನಾಳೆ ಕಳಿಸ್ತೀವಿ ಅನ್ನೋರು ನಮಗೆ ಬ್ಯಾಡ, ಆಯಮ್ಮ ಬೈದ್ರೂ ಮೆಕ್ಯಾನಿಕ್‌ನ ಎಳ್ಕಂಡು ಬಂದು, ಮಷೀನು ಓಡೋ ತನಕ ಕಣದಲ್ಲೇ ನಿಂತಿರ್ತಾಳೆ ಅಂದ್ರು. ನಿನ್ನ ಬಾಯಿ ನೋಡಿ ಓಡಿಹೋದೋನು ಒಬ್ಬನೂ ಸಿಗ್ಲಿಲ್ಲ ನನಗೆ."

ಹುಟ್ಟಿದಾಗಿನಿಂದ ಬಾಯಿ ಕಡಿಮೆ ಮಾಡ್ಕೋ ಅಂತಲೇ ಕೇಳಿ ಬೆಳೆದವಳು ನಾನು.

ಸಾವುಕಾರ್ರ ಹತ್ತಿರ ಎರಡನೇ ಸಲ ಹೋಗುವ ದಿನ ಅಕ್ಕ ನನ್ನ ಅಂಗೈಗೆ ಸೋಂಪು ಸುರಿದರು. "ಒಂದೇ ಪ್ರಶ್ನೆ ಕೇಳು. ಕೇಳಿ, ಇದನ್ನ ಬಾಯಿಗೆ ಹಾಕ್ಕೋ. ಇದು ಮುಗಿಯೋ ತನಕ ತುಟಿ ಬಿಚ್ಚಬ್ಯಾಡ. ಅಂಗಡಿ ಕೊಡ್ರಿ ಅನ್ನಬ್ಯಾಡ, ಒಂದು ಕೊಯ್ಲು ನೋಡ್ರಿ ಅನ್ನು. ಹೊಸ ಮಷೀನನ್ನ ಯಾರೂ ಓಡಿಸಿ ನೋಡದೆ ಒಯ್ಯಲ್ಲ." ನಾನು ಹೋಗಿ, "ಸಾವುಕಾರ್ರೆ, ಈ ಕೊಯ್ಲಲ್ಲಿ ನಿಮಗೆ ಭಾಳ ಬ್ಯಾಸರ ಆಗಿದ್ದು ಯಾವಾಗ?" ಅಂತ ಕೇಳಿ ಸೋಂಪು ಬಾಯಿಗೆ ಹಾಕಿಕೊಂಡೆ. ಅವರು ಮೊದಲು, ಬ್ಯಾಸರ ಏನು, ಎಲ್ಲ ಚೆನ್ನಾಗೈತೆ ಅಂದರು. ನಾನು ಅಗಿಯುತ್ತ ಕೂತೆ. ಆಮೇಲೆ ಕಟ್ಟೆ ಒಡೆಯಿತು. ಯಾರೋ ಒಬ್ಬರು ಒಳಕೋಣೆಗೇ ನುಗ್ಗಿ ದೇವರ ಫೋಟೋ ಮುಂದೆಯೇ ಬೈದದ್ದು, ಅವತ್ತು ಊಟ ಸೇರದೆ ಇದ್ದದ್ದು, ಬೈಕ್ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುವುದು, ಎಲ್ಲ ಹೇಳಿದರು. ಸೋಂಪು ಮುಗಿದ ಮೇಲೆ ಹೇಳಿದೆ, "ನ್ಯಾಮತಿ ಕಡೆಯ ಬೈಗುಳ ಎಲ್ಲ ನನಗೆ ಬರ್ಲಿ. ಒಂದು ಕೊಯ್ಲು ನೋಡ್ರಿ. ನಿಮ್ಮ ಪೂಜೆಗೆ ಅಡ್ಡಿ ಬಂದ್ರೆ ವಾಪಸ್ ಕರೆಸ್ಕಳ್ರಿ." ಅವರು ನನ್ನನ್ನೂ, ಗಾಜಿನಾಚೆ ಕೂತಿದ್ದ ಅಕ್ಕನನ್ನೂ ನೋಡಿ, ಆಯ್ತು ಅಂದರು. ಆ ಒಂದು ಕೊಯ್ಲು ಇನ್ನೂ ಮುಗಿದಿಲ್ಲ, ನಾನು ನ್ಯಾಮತಿಯಲ್ಲೇ ಇದ್ದೇನೆ.

ಈಗ ಮತ್ತೆ ಆ ಬೀಳ್ಕೊಡುಗೆಗೆ ಬರುತ್ತೇನೆ. ಗಡಿಯಾರದ ಮೇಲಿನ ನಗು ನಿಂತ ಮೇಲೆ ಸಾವುಕಾರ್ರು ಮೈಕ್ ಹಿಡಿದರು. "ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ನ್ಯಾಮತಿ ಅಂಗಡಿಗೆ ನಾನು ಮೊದ್ಲು ಕರೆದಿದ್ದು ಮೇಡಂನ. ಇವರೂರು ಗೋವಿನಕೋವಿ. ದಿನಾ ಎರಡು ಬಸ್ ಹತ್ತಿ ಇಳಿದು ಚನ್ನಗಿರಿಗೆ ಬರೋದು ತಪ್ಪುತ್ತೆ, ತಗಳ್ರಿ ಅಂದೆ. ಇವರು, ನನಗೆ ಬ್ಯಾಡ, ಗಿರಾಕಿಗಳು ಯಾರನ್ನ ಹುಡುಕ್ಕಂಡು ಬರ್ತಾರೆ ನೋಡಿ ಅವರಿಗೆ ಕೊಡ್ರಿ ಅಂದ್ರು. ನಾನು ನಂಬಲಿಲ್ಲ. ಆಮೇಲೆ ಈಯಮ್ಮ ಬಂದು ಸೋಂಪು ತಿಂತಾ ಕೂತ್ಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಕಾರ್ಯಕ್ರಮ ಮುಗಿದ ಮೇಲೆ ಬಸ್‌ಸ್ಟ್ಯಾಂಡ್ ತನಕ ಹಣ್ಣಿನ ಬುಟ್ಟಿ ಹೊತ್ತುಕೊಂಡು ಅಕ್ಕನ ಹಿಂದೆಯೇ ಹೋದೆ.

"ಯಾಕ್ರಿ ನನಗೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ನಿಮಗೆ ಬೇಕಿತ್ತಾ ಆ ಅಂಗಡಿ?"

"ಹಂಗೆ ಕೇಳಿದ್ರೆ ಇಲ್ಲ ಅಂತೀನಿ. ಏನು ಕಲಿಸಿದೀನಿ ನಿನಗೆ?"

"ಮತ್ಯಾಕೆ ಬಿಟ್ರಿ?"

"ಎರಡು ಬಸ್ಸಲ್ಲಿ ಓಡಾಡಿದ್ರೆ ನಾಕು ಜನದ ಮಾತು ಕಿವಿಗೆ ಬೀಳ್ತೈತೆ. ಗೋವಿನಕೋವಿಯಿಂದ ನ್ಯಾಮತಿಗೆ ಎಷ್ಟೊತ್ತು? ಕಂಡಕ್ಟರ್ ಚಿಲ್ಲರೆ ಕೊಡೋದ್ರಾಗೆ ಊರು ಬಂದುಬಿಡ್ತೈತೆ."

ಇದು ಅಪ್ಪಟ ಪಡಸಾಲೆ ಮಾತು ಅಂತ ನನಗೆ ಗೊತ್ತಾಯಿತು. ಇನ್ನೂ ಏನೋ ಕೇಳುವಷ್ಟರಲ್ಲಿ ಹೊನ್ನಾಳಿ ಬಸ್ ಬಂತು. ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಕ ಹತ್ತಿ ಹೋದರು.

ಅದಾದ ಮುಂದಿನ ವಾರ ನ್ಯಾಮತಿಯ ನನ್ನ ಅಂಗಡಿ ಮುಂದೆ ಅಕ್ಕ ಬಂದು ಇಳಿದರು. ಸಂತೆಗೆ ಬಂದಿದ್ದೆ ಅಂದರು. ಮರುದಿನವೂ ಬಂದರು, ಸಂತೆ ಇರಲಿಲ್ಲ. ಅದರ ಮರುದಿನವೂ ಬಂದರು. ಗಿರಾಕಿಗಳ ಬೆಂಚಿನ ಮೇಲೆ ಕೂತು ಒಂದು ಟೀ ಕುಡಿದು, ಸಂಜೆ ಬಸ್ಸಿಗೆ ಹೋಗುವುದು. ನಾನು ಏನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅವರ ಚೀಲದಿಂದ ಡಬ್ಬಿ ತೆಗೆದು, ಇದ್ದ ಸೋಂಪನ್ನೆಲ್ಲ ನನ್ನ ಬಾಯಿಗೆ ಸುರಿದುಕೊಂಡು, ಪಕ್ಕದಲ್ಲಿ ಕೂತು ಅಗಿಯತೊಡಗಿದೆ.

ಅಕ್ಕ ನನ್ನನ್ನು ನೋಡಿದರು. ಖಾಲಿ ಡಬ್ಬಿ ನೋಡಿದರು. ರಸ್ತೆ ನೋಡಿದರು. ಮೌನ ಅವರಿಗೂ ತಡೆಯಲಾಗುವುದಿಲ್ಲ ಅಂತ ಆವತ್ತೇ ನನಗೆ ಗೊತ್ತಾಗಿದ್ದು.

"ಈ ಬೆಂಚು ಇಲ್ಲಿ ಬ್ಯಾಡ ಕಣವ್ವ, ಮಧ್ಯಾಹ್ನದ ಬಿಸಿಲು ಮುಖಕ್ಕೆ ಹೊಡೀತೈತೆ. ಆ ಬೇವಿನ ಮರದ ಕಡೆ ಹಾಕ್ಬೇಕು ಅಂತ ಆವತ್ತೇ ಅಂದ್ಕಂಡಿದ್ದೆ."

ನಾನು ಅಗಿಯುತ್ತ, "ಹೂಂ, ಆಮೇಲೆ?" ಅಂದೆ.

"ಆವಾಗ ಇನ್ನೂ ಖಾಲಿ ಮಳಿಗೆ. ಭಾನುವಾರ ಬಂದು ಶಟರ್ ಸಂದೀಲಿ ನೋಡ್ಕಂಡು ಹೋಗಿದ್ದೆ. ಮಷೀನು ಎಡಕ್ಕೆ, ರಿಪೇರಿ ಹಿಂದಕ್ಕೆ. ನನ್ನ ಕುರ್ಚಿ ಇಲ್ಲಿ, ಬಸ್ಸಿಳಿಯೋರ ಮುಖ ಕಾಣೋ ಹಂಗೆ."

ನನ್ನ ಕುರ್ಚಿ ಅಂದದ್ದು ಅವರಿಗೇ ಕೇಳಿಸಿತು. ಕೈ ಚೀಲದ ಕಡೆ ಹೋಯಿತು, ಡಬ್ಬಿ ನನ್ನ ಹತ್ತಿರ ಇತ್ತು. ಅವರಿಗೂ ಈ ಅಂಗಡಿ ಬೇಕಿತ್ತು. ನನ್ನಷ್ಟೇ ಬೇಕಿತ್ತು. ನಾನು ಬೋರ್ಡಿಗೆ ಬಣ್ಣ ಹುಡುಕುತ್ತಿದ್ದಾಗ ಇವರು ಕುರ್ಚಿಗೆ ಜಾಗ ನೋಡಿ ಹೋಗಿದ್ದರು, ಆಮೇಲೆ ಬಂದು ನನ್ನ ಅಂಗೈಗೆ ಸೋಂಪು ಸುರಿದಿದ್ದರು.

ಮೆಕ್ಯಾನಿಕ್‌ನ ಕರೆದು ಆಗಲೇ ಬೆಂಚನ್ನು ಬೇವಿನ ಮರದ ಕಡೆಗೆ ಹಾಕಿಸಿದೆ. ಒಳಗಿದ್ದ ನನ್ನ ಕುರ್ಚಿಯನ್ನು ತಂದು ಅವರು ತೋರಿಸಿದ ಜಾಗದಲ್ಲೇ ಇಟ್ಟೆ. "ಏನಿದು, ನಾನು ಮನೆಗೆ ಹೋಗಬೇಕು" ಅಂತ ಗೊಣಗುತ್ತ ಅಕ್ಕ ಕೂತರು. ಕೂತು, ಕನ್ನಡಕ ಇಳಿಸಿಕೊಂಡು ಬಸ್ಸಿಳಿಯುವವರ ಕಡೆ ನೋಡಿದರು. ಅಷ್ಟರಲ್ಲಿ ಬಾಗಿಲಿಗೆ ಬೈಕೊಂದು ಗಕ್ಕನೆ ಬಂದು ನಿಂತಿತು, ಇಳಿಯುವ ಮುಂಚೆಯೇ ಅದರ ಮೇಲಿದ್ದವನ ಬೈಗುಳ ಶುರುವಾಯಿತು. ಅಕ್ಕ ತಿರುಗಿ ನನ್ನನ್ನು ನೋಡಿದರು.

ನಾನು ಬೈಕಿನವನಿಗೆ ಅವರ ಕುರ್ಚಿ ತೋರಿಸಿ, ಒಳಗೆ ಹೋಗಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿದೆ.